ನಡೆದರೆ ಬಿದ್ದಾರು, ಕೂತರೂ ಬಿದ್ದಾರು

ಆಲೂರು ತಾಲ್ಲೂಕಿನ ಕುಂದೂರು ಸೀಮೆಯಲ್ಲಿ ಮನೆಯಿಂದ ರಸ್ತೆಗೆ ಇಳಿಜಾರು, ರಸ್ತೆಯಿಂದ ತೋಟಕ್ಕೆ ಏರು. ಸಮತಟ್ಟು ನೆಲವೆಂದರೆ ಗದ್ದೆಬಯಲು. ಅಲ್ಲಿಯೂ ಕಾಲಿಡಬೇಕಾದದ್ದು ಬದುವಿನ ಮೇಲೆ. ಮುಂಗಾರು ಹಿಡಿದ ಮೇಲೆ ಅಂಗಳ, ಕಣ, ಬಚ್ಚಲ ಹಿಂದಿನ ಕಲ್ಲುಹಾಸು ಎಲ್ಲಕ್ಕೂ ಪಾಚಿ ಕಟ್ಟುತ್ತದೆ. ವಯಸ್ಸಾದವರು ಯಾರೋ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡರಂತೆ, ಹಾಸನಕ್ಕೆ ಕರೆದುಕೊಂಡು ಹೋದರಂತೆ ಎಂಬ ಸುದ್ದಿ ಈ ಕಡೆಯ ಮಳೆಗಾಲಕ್ಕೆ ಹೊಸದಲ್ಲ. ಅದಾದ ಮೇಲೆ ಮನೆಯವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: ‘ಅಜ್ಜಿ, ಇನ್ಮೇಲೆ ನೀವು ಏಳ್ಬೇಡಿ, ಏನ್ ಬೇಕೋ ಕೂತಲ್ಲಿಗೇ ತಂದ್ಕೊಡ್ತೀವಿ.’

ಪ್ರೀತಿಯಿಂದ ಆಡುವ ಈ ಮಾತು ಮುಂದಿನ ಸಲ ಬೀಳುವುದಕ್ಕೆ ದಾರಿ ಮಾಡಿಕೊಡುತ್ತದೆ. ಹಿರಿಯರು ಬೀಳುವುದರ ಬಗ್ಗೆ ನಾಲ್ಕು ದಶಕಗಳಿಂದ ನಡೆದಿರುವ ಸಂಶೋಧನೆಯನ್ನು ಒಟ್ಟಾಗಿ ಓದಿದರೆ ತಿಳಿಯುವುದು ಮುಖ್ಯವಾಗಿ ಇದೇ. ಏಕೆ ಬೀಳುತ್ತಾರೆ, ಯಾರು ಬೀಳಬಹುದೆಂದು ಮೊದಲೇ ಹೇಗೆ ತಿಳಿಯುವುದು, ಯಾವುದರಿಂದ ತಡೆಯಬಹುದು ಎಂಬ ಮೂರು ಪ್ರಶ್ನೆಗಳಿಗೂ ವೈದ್ಯಶಾಸ್ತ್ರ ಮತ್ತು ಫಿಸಿಯೋಥೆರಪಿ ಸಾಕಷ್ಟು ಗಟ್ಟಿಯಾದ ಉತ್ತರ ಕೊಟ್ಟಿವೆ. ಆ ಉತ್ತರಗಳಲ್ಲಿ ಬಹುಪಾಲು ಸಿಕ್ಕಿದ್ದು ಸಮತಟ್ಟು ನೆಲದ ಮೇಲೆ, ಕುರ್ಚಿಯಲ್ಲಿ ಕೂತು ಏಳುವವರ ನಡುವೆ. ಅವು ಮಲೆನಾಡಿನ ಇಳಿಜಾರಿಗೆ ಎಷ್ಟು ಒಗ್ಗುತ್ತವೆ, ಅವನ್ನು ಇಲ್ಲಿ ಜಾರಿಗೆ ತರಬೇಕಾದವರು ಯಾರು ಎಂಬುದೇ ಈಗ ಉಳಿದಿರುವ ಪ್ರಶ್ನೆ.

ಲೆಕ್ಕ ಏನು ಹೇಳುತ್ತದೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದು. ಈ ಸಾವುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಸಂಭವಿಸುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಆಸ್ಪತ್ರೆಗೆ ಹೋಗಲೇಬೇಕಾಗುವಷ್ಟು ಪೆಟ್ಟಾಗುವ ಪ್ರಕರಣಗಳು ವರ್ಷಕ್ಕೆ 3.73 ಕೋಟಿ. ಸಾಯುವವರಲ್ಲಿ 60 ದಾಟಿದವರೇ ಹೆಚ್ಚು.

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು, ದೇಶದ ಸರಾಸರಿ ಶೇ 8.6 ಇತ್ತು. ಕಾಫಿ ಸೀಮೆಯ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಹೋಗಿ ನೆಲೆಸಿ, ಅಪ್ಪ ಅಮ್ಮ ಇಬ್ಬರೇ ತೋಟದ ನಡುವೆ ಉಳಿಯುವುದು ಈಗ ಸಾಮಾನ್ಯ. ಬಿದ್ದವರನ್ನು ಎತ್ತಲು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ. ಗಂಟೆಗಟ್ಟಲೆ ನೆಲದ ಮೇಲೇ ಬಿದ್ದಿದ್ದವರಿಗೆ ನಿರ್ಜಲೀಕರಣ, ಮೈ ಒತ್ತಿದ ಕಡೆ ಹುಣ್ಣು, ಸ್ನಾಯುಗಳ ಹಾನಿ ಎಲ್ಲವೂ ಒಟ್ಟಿಗೇ ಬರಬಹುದು.

ಬೀಳುವುದರ ಅತಿ ದುಬಾರಿ ಫಲವೆಂದರೆ ಸೊಂಟದ ಮೂಳೆ ಮುರಿತ. ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, 50 ದಾಟಿದ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ 129 ಮಂದಿಗೆ ಈ ಮುರಿತ ಆಗುತ್ತದೆ ಎಂದು ಲೆಕ್ಕ ಹಾಕಿತು. ಹೀಗೆ ಮುರಿದುಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಉಳಿದವರಲ್ಲೂ ಬಹಳಷ್ಟು ಜನರಿಗೆ ಮೊದಲಿನಂತೆ ನಡೆಯಲು ಆಗುವುದಿಲ್ಲ. ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆ ತಡವಾದಷ್ಟೂ ತೊಡಕು ಹೆಚ್ಚು. ಹಾಗಾಗಿ ಸೊಂಟ ಮುರಿದವರನ್ನು ನಾಟಿ ಕಟ್ಟು ಹಾಕಿಸಿ ತಿಂಗಳುಗಟ್ಟಲೆ ಮಲಗಿಸುವುದು ಅಪಾಯಕಾರಿ. ಶಸ್ತ್ರಚಿಕಿತ್ಸೆಯ ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸಬೇಕು ಎಂಬುದು ಇಂದಿನ ಚಿಕಿತ್ಸಾಕ್ರಮ.

ಒಂದು ಕಾರಣವಲ್ಲ, ಕಾರಣಗಳ ಗಂಟು

‘ವಯಸ್ಸಾಯ್ತು, ಬೀಳ್ತಾರೆ’ ಎಂಬ ನಂಬಿಕೆಯನ್ನು ಅಲ್ಲಾಡಿಸಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟಿ. 1988ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅವರು ಮತ್ತು ಸಂಗಡಿಗರು 75 ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿದರು. ಮೂವರಲ್ಲಿ ಸುಮಾರು ಒಬ್ಬರು ಬಿದ್ದಿದ್ದರು. ಆದರೆ ಎಲ್ಲರಿಗೂ ಅಪಾಯ ಒಂದೇ ಸಮನಾಗಿ ಹಂಚಿಹೋಗಿರಲಿಲ್ಲ. ನಿದ್ರೆ ಮಾತ್ರೆ, ಮರೆವು, ಕಾಲಿನ ದೌರ್ಬಲ್ಯ, ಪಾದದ ತೊಂದರೆ, ನಡಿಗೆಯ ಅಸ್ಥಿರತೆಯಂತಹ ಕಾರಣಗಳಲ್ಲಿ ಒಂದೂ ಇಲ್ಲದವರಲ್ಲಿ ಬಿದ್ದವರು ಶೇ 8. ನಾಲ್ಕೋ ಅದಕ್ಕಿಂತ ಹೆಚ್ಚೋ ಇದ್ದವರಲ್ಲಿ ಶೇ 78. ಅಷ್ಟೂ ಜನ ವಯಸ್ಸಾದವರೇ ಆಗಿದ್ದರೂ ಅಪಾಯ ಹತ್ತುಪಟ್ಟು ಹೆಚ್ಚುಕಡಿಮೆಯಾಗಿತ್ತು.

ಮುಂದಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಇನ್ನೊಂದು ಸಂಗತಿ, ಒಮ್ಮೆ ಬಿದ್ದವರೇ ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಎಡವಿದ ಕಾಲೇ ಎಡವುತ್ತದೆ ಎಂದು ನಮ್ಮವರು ಹೇಳುತ್ತಲೇ ಬಂದಿದ್ದಾರೆ. ಗಾದೆ ಅದನ್ನು ಹಣೆಬರಹಕ್ಕೆ ಬಿಟ್ಟರೆ, ಸಂಶೋಧನೆ ಆ ಮೊದಲ ಎಡವನ್ನು ಎಚ್ಚರಿಕೆಯ ಗಂಟೆಯಾಗಿ ಕೇಳಿಸಿಕೊಳ್ಳುತ್ತದೆ.

ಕಾರಣಗಳನ್ನು ಕುಂದೂರಿನ ಮನೆಯೊಳಗೆ ಇಟ್ಟು ನೋಡಬಹುದು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮರಗಟ್ಟುತ್ತವೆ. ಹೊಸ್ತಿಲು ತಗುಲಿದ್ದು, ಹವಾಯಿ ಚಪ್ಪಲಿ ಕಳಚಿದ್ದು ಗೊತ್ತಾಗುವುದಿಲ್ಲ. ಹಾಸಿಗೆಯಿಂದ ದಿಢೀರನೆ ಎದ್ದಾಗ ಮೂರು ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಂಕ ಇಳಿಯುವವರಿಗೆ ತಲೆ ಸುತ್ತುತ್ತದೆ. ಬಿಪಿ ಮಾತ್ರೆ ನುಂಗಿ ರಾತ್ರಿ ಮೂತ್ರಕ್ಕೆ ಏಳುವವರಲ್ಲಿ ಇದು ಕಾಣುತ್ತದೆ. ಕಣ್ಣಿನ ಪೊರೆ ಬೆಳೆದವರಿಗೆ ಮೆಟ್ಟಿಲಿನ ಅಂಚು ಮಸುಕು. ಹಳೆಯ ಮನೆಗಳ ಒರಟು ನೆಲ ಹೋಗಿ ನುಣುಪಾದ ಟೈಲ್ಸ್ ಬಂದಿದೆ. ಅದರ ಮೇಲೆ ನಾಲ್ಕು ಹನಿ ನೀರು ಚೆಲ್ಲಿದರೆ ಸಾಕು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಸರಳವಾದ ಇನ್ನೊಂದು ಲಕ್ಷಣ ಗುರುತಿಸಿದರು. ನಡೆಯುತ್ತಿರುವಾಗ ಮಾತಾಡಿಸಿದರೆ ಉತ್ತರ ಕೊಡಲು ನಿಂತುಬಿಡುವ ಹಿರಿಯರು ಮುಂದೆ ಬೀಳುವುದು ಹೆಚ್ಚು. ನಡಿಗೆಗೇ ಮನಸ್ಸೆಲ್ಲ ಬೇಕಾಗಿರುವಾಗ ಮಾತಿಗೆ ಗಮನ ಉಳಿಯುವುದಿಲ್ಲ.

ಮಲೆನಾಡಿನದೇ ಆದ ಒಂದು ಅಂಶವೂ ಇದೆ. ಇಳಿಜಾರು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು, ಮೈಯನ್ನು ತಡೆದು ನಿಧಾನವಾಗಿ ಬಿಡಬೇಕು. ಹತ್ತುವಾಗ ಉಬ್ಬಸ ಬರಬಹುದು, ಕಾಲು ಕೈಕೊಡುವುದು ಮಾತ್ರ ಸಾಮಾನ್ಯವಾಗಿ ಇಳಿಯುವಾಗ. ದಿನವೂ ತೋಟ ಹತ್ತಿ ಇಳಿದವರಲ್ಲಿ ಈ ಶಕ್ತಿ ತಾನಾಗಿಯೇ ಉಳಿದಿರುತ್ತದೆ. ಓಡಾಟ ನಿಂತ ದಿನದಿಂದ ಅದು ಕರಗತೊಡಗುತ್ತದೆ. ಎಷ್ಟು ಬೇಗ ಎಂಬುದನ್ನು 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ತೋರಿಸಿತು: ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲೇ ಇರಿಸಿದಾಗ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋದಷ್ಟು ಇಳಿದಿತ್ತು. ‘ಏಳ್ಬೇಡಿ’ ಎಂಬ ಅಕ್ಕರೆಯ ಬೆಲೆ ಇದು.

ಭಯದ ಪಾತ್ರವೂ ಸಣ್ಣದಲ್ಲ. ಬೀಳುವ ಭಯವನ್ನೇ ಅಳೆಯಲು 16 ಪ್ರಶ್ನೆಗಳ ಮಾಪಕವೊಂದು ಬಳಕೆಯಲ್ಲಿದೆ. ಜಾರುವ ನೆಲ, ಏರು ತಗ್ಗಿನ ದಾರಿ, ಇಳಿಜಾರು, ಸಮಾರಂಭಕ್ಕೆ ಹೋಗುವುದು ಮುಂತಾದ ಸಂದರ್ಭಗಳಲ್ಲಿ ಎಷ್ಟು ಅಂಜಿಕೆಯಾಗುತ್ತದೆ ಎಂದು ಅದು ಕೇಳುತ್ತದೆ. ಒಮ್ಮೆ ಬಿದ್ದವರು ಭಯದಿಂದ ಮದುವೆ, ಜಾತ್ರೆ, ದೇವಸ್ಥಾನ ಬಿಡುತ್ತಾರೆ; ಓಡಾಟ ಕಡಿಮೆಯಾಗಿ ಕಾಲು ಸೋಲುತ್ತದೆ; ಕಾಲು ಸೋತು ಮತ್ತೆ ಬೀಳುತ್ತಾರೆ.

ಅಳೆಯುವ ಬಗೆ, ಕುರ್ಚಿಯ ತೊಡಕು

ಯಾರಿಗೆ ಅಪಾಯ ಹೆಚ್ಚೆಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. 1991ರಲ್ಲಿ ಕೆನಡಾದ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ರೂಪಿಸಿದ ಪರೀಕ್ಷೆಗೆ ಬೇಕಾಗಿರುವುದು ಕೈಯಿರುವ ಕುರ್ಚಿ, ಮೂರು ಮೀಟರ್ ಜಾಗ, ಒಂದು ಗಡಿಯಾರ. ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ ಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರಬಲ್ಲರು ಎಂಬುದು ಕಾಲಿನ ಬಲದ ಅಳತೆ. ಫಿಸಿಯೋಥೆರಪಿಸ್ಟ್ ಕ್ಯಾಥರೀನ್ ಬರ್ಗ್ 1989ರಲ್ಲಿ ಕೊಟ್ಟ ಸಮತೋಲನ ಮಾಪಕದಲ್ಲಿ 14 ಕೆಲಸಗಳು, 56 ಅಂಕಗಳು.

2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊರತಂದ ಮಾರ್ಗಸೂಚಿ ಇದನ್ನು ಇನ್ನೂ ಸರಳಗೊಳಿಸಿತು. ಮೂರೇ ಪ್ರಶ್ನೆ: ಕಳೆದ ವರ್ಷ ಬಿದ್ದಿದ್ದೀರಾ? ನಿಂತಾಗ, ನಡೆಯುವಾಗ ತೂರಾಡಿದಂತೆ ಆಗುತ್ತದೆಯೆ? ಬೀಳುವ ಭಯ ಇದೆಯೆ? ಒಂದಕ್ಕಾದರೂ ಹೌದೆಂದರೆ ಮುಂದಿನ ತಪಾಸಣೆ ಮಾಡಬೇಕು. ನಡಿಗೆಯ ವೇಗ ಸೆಕೆಂಡಿಗೆ 0.8 ಮೀಟರ್‌ಗಿಂತ ಕಡಿಮೆಯಿದ್ದರೂ ಅದೇ ಸೂಚನೆ.

ಇಲ್ಲಿ ನಮ್ಮ ಬದುಕಿನ ರೀತಿಯೂ ಲೆಕ್ಕಕ್ಕೆ ಬರಬೇಕು. ಹಾಸನದ ಹಳ್ಳಿಯ ಮನೆಯಲ್ಲಿ ಹಿರಿಯರು ಕೂರುವುದು ಚಾಪೆ, ಮಣೆ, ಜಗಲಿಯ ಮೇಲೆ, ಶೌಚಕ್ಕೆ ಕುಕ್ಕರಗಾಲು. ಕುರ್ಚಿಯಿಂದ ಸಲೀಸಾಗಿ ಏಳುವವರಿಗೂ ನೆಲದಿಂದ ಏಳುವುದು ಕಷ್ಟವಾಗಬಹುದು. ಬ್ರೆಜಿಲ್‌ನ ಕ್ಲಾಡಿಯೊ ಜಿಲ್ ಅರಾವುಜೊ ಮತ್ತು ಸಂಗಡಿಗರು ನೆಲದಲ್ಲಿ ಕೂತು ಏಳುವುದಕ್ಕೇ 10 ಅಂಕಗಳ ಪರೀಕ್ಷೆ ಮಾಡಿದರು. ಕೈ, ಮೊಣಕಾಲು ಊರಿದ ಸಲಕ್ಕೊಂದು ಅಂಕ ಕಳೆಯುತ್ತದೆ. 51ರಿಂದ 80 ವರ್ಷದ 2,002 ಮಂದಿಯಲ್ಲಿ ಅಂಕ ಕಡಿಮೆ ಬಂದವರ ಮರಣ ಪ್ರಮಾಣ ಹೆಚ್ಚಿತ್ತು. ನೆಲದ ಮೇಲೆ ಕೂರುವುದು ಇನ್ನೂ ಉಳಿದಿರುವ ನಮ್ಮಲ್ಲಿ ಇಂಥ ಅಳತೆ ಹೆಚ್ಚು ಸಹಜ. ಮಂಡಿ ಸವೆದವರನ್ನು ಒತ್ತಾಯಿಸಿ ಕೂರಿಸಬಾರದು ಎಂಬ ಎಚ್ಚರವೂ ಜೊತೆಗಿರಬೇಕು.

ಭಾರತದಲ್ಲಿ ಅಳತೆಯ ಕೆಲಸ ಶುರುವಾಗಿಲ್ಲವೆಂದಲ್ಲ. 2017–18ರಲ್ಲಿ ಆರಂಭವಾದ ‘ಲಾಸಿ’ ಎಂಬ ದೀರ್ಘಕಾಲೀನ ಅಧ್ಯಯನ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಹಿಡಿತದ ಬಲ, ಸಮತೋಲನ, ನಡಿಗೆಯ ವೇಗಗಳನ್ನು ಮನೆಮನೆಗೆ ಹೋಗಿ ಅಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾಗುವವರನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದಿದೆ. ಅದರ ಮುಖ್ಯ ಗುರಿ ಮರೆವಿನ ಕಾಯಿಲೆ. ಬಯಲುಸೀಮೆಯಲ್ಲಿ ಆದದ್ದು ಮಲೆನಾಡಿನಲ್ಲೂ ಆಗಬೇಕು, ಬೀಳುವುದನ್ನೇ ಗುರಿಯಾಗಿಟ್ಟುಕೊಂಡು.

ಯಾವುದು ತಡೆಯುತ್ತದೆ

ತಡೆಯುವ ಉಪಾಯಗಳಲ್ಲಿ ಅತ್ಯಂತ ಗಟ್ಟಿ ಪುರಾವೆ ಇರುವುದು ವ್ಯಾಯಾಮಕ್ಕೆ. ಸಿಡ್ನಿಯ ಕ್ಯಾಥರೀನ್ ಶೆರಿಂಗ್ಟನ್ ನೇತೃತ್ವದ ಕೊಕ್ರೇನ್ ಪರಾಮರ್ಶೆ 2019ರಲ್ಲಿ 108 ಪ್ರಯೋಗಗಳ 23,407 ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿತು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ 23 ಇಳಿದಿತ್ತು. ಸಮತೋಲನದ ಜೊತೆಗೆ ಬಲ ಹೆಚ್ಚಿಸುವ ಕಸರತ್ತನ್ನೂ ಸೇರಿಸಿದ ಕಡೆ ಇಳಿಕೆ ಇನ್ನೂ ಹೆಚ್ಚು. ನಡಿಗೆಯೊಂದರಿಂದಲೇ ಇಷ್ಟು ಫಲ ಸಿಗುತ್ತದೆಂದು ಹೇಳಲು ಪುರಾವೆ ಸಾಲದು. ಇದು ಕುಂದೂರಿಗೆ ಮುಖ್ಯ. ಆಲೂರು–ಸಕಲೇಶಪುರ ಕಡೆ ಕಾಡಾನೆಗಳು ತೋಟದಲ್ಲೇ ಬೀಡುಬಿಟ್ಟಿರುವಾಗ ಬೆಳಗಿನ ಜಾವ ವಾಕಿಂಗ್ ಹೋಗಿ ಎಂದು ಹಿರಿಯರಿಗೆ ಹೇಳುವಂತೆಯೇ ಇಲ್ಲ. ಬೇಕಾಗಿರುವ ಕಸರತ್ತನ್ನು ಮನೆಯೊಳಗೆ, ಜಗಲಿಯ ಕಂಬ ಹಿಡಿದು ಮಾಡಬಹುದು.

ನ್ಯೂಜಿಲೆಂಡಿನ ಒಟಾಗೊದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕಾರ್ಯಕ್ರಮ ಹೀಗೆಯೇ ಮನೆಯಲ್ಲಿ ನಡೆಯುವಂಥದ್ದು. ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಕಲಿಸುತ್ತಾರೆ. ವಾರಕ್ಕೆ ಮೂರು ಸಲ ಅರ್ಧ ಗಂಟೆ, ಕಾಲಿಗೆ ಸಣ್ಣ ತೂಕ ಕಟ್ಟಿ ಮಾಡುವ ಕಸರತ್ತು, ಹಿಂದಕ್ಕೆ ಮತ್ತು ಪಕ್ಕಕ್ಕೆ ನಡೆಯುವುದು. ಅದರ ಪ್ರಯೋಗಗಳನ್ನು ಒಟ್ಟು ಸೇರಿಸಿದಾಗ ಬೀಳುವುದು ಶೇ 35 ಕಡಿಮೆಯಾಗಿತ್ತು. ಆಸ್ಟ್ರೇಲಿಯಾದ ಲಿಂಡಿ ಕ್ಲೆಮ್ಸನ್ ಇನ್ನೂ ಮುಂದೆ ಹೋಗಿ, ಕಸರತ್ತನ್ನು ಮನೆಗೆಲಸದೊಳಗೇ ಸೇರಿಸಿದರು. ಹಲ್ಲುಜ್ಜುವಾಗ ಒಂದೇ ಕಾಲ ಮೇಲೆ ನಿಲ್ಲುವುದು, ಕೆಳಗಿನ ಕಪಾಟಿಗೆ ಬಗ್ಗುವ ಬದಲು ಮಂಡಿ ಮಡಚಿ ಕೂರುವುದು, ಹಿಮ್ಮಡಿ ಎತ್ತಿ ಅಡುಗೆಮನೆ ದಾಟುವುದು. 2012ರ ಅವರ ಪ್ರಯೋಗದಲ್ಲಿ ಬೀಳುವುದು ಶೇ 31 ಇಳಿಯಿತು. ‘ಎಕ್ಸರ್‌ಸೈಜ್ ಮಾಡಿ’ ಎಂದರೆ ನಗುವ, ಆದರೆ ಸುಮ್ಮನೆ ಕೂರಲು ಒಪ್ಪದ ನಮ್ಮ ಅಜ್ಜಿಯಂದಿರಿಗೆ ಈ ಹಾದಿಯೇ ಹೊಂದುತ್ತದೆ.

ಯೋಗ ಹಿರಿಯರ ಸಮತೋಲನವನ್ನೂ ಚಲನೆಯನ್ನೂ ಸುಧಾರಿಸುತ್ತದೆ ಎಂದು ಪರಾಮರ್ಶೆಗಳು ಒಪ್ಪುತ್ತವೆ. ಚೀನಾದ ತಾಯ್‌ಚಿಗೆ ಇರುವಷ್ಟು ನೇರ ಪುರಾವೆ, ಅಂದರೆ ಬೀಳುವುದೇ ಕಡಿಮೆಯಾಯಿತು ಎಂಬ ಪುರಾವೆ, ಯೋಗಕ್ಕೆ ಅಷ್ಟಾಗಿ ಕೂಡಿಬಂದಿಲ್ಲ. ಮೈಸೂರು ಯೋಗದ ಊರಾಗಿರುವಾಗ ಈ ಕೆಲಸ ಕರ್ನಾಟಕದಲ್ಲೇ ನಡೆಯಬೇಕಿತ್ತು.

ಕಣ್ಣಿನ ಪೊರೆ ತೆಗೆಸುವುದು ಇನ್ನೊಂದು ಗಟ್ಟಿ ಉಪಾಯ. 2005ರ ಇಂಗ್ಲೆಂಡಿನ ಪ್ರಯೋಗದಲ್ಲಿ ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಬೇಗ ಮಾಡಿಸಿಕೊಂಡ 70 ದಾಟಿದ ಮಹಿಳೆಯರು ಬೀಳುವುದು ಶೇ 34 ಕಡಿಮೆಯಾಗಿತ್ತು. ಹಾಗೆ ನೋಡಿದರೆ ಡಾ. ಎಂ. ಸಿ. ಮೋದಿ ಊರೂರು ತಿರುಗಿ ನಡೆಸಿದ ಕಣ್ಣಿನ ಶಿಬಿರಗಳು ಎಷ್ಟೋ ಸೊಂಟಗಳನ್ನೂ ಉಳಿಸಿರಬೇಕು.

ಮನೆಯ ಅಪಾಯಗಳನ್ನು ತೆಗೆದರೆ ಬೀಳುವುದು ಶೇ 26 ಇಳಿಯುತ್ತದೆ, ಅಪಾಯ ಹೆಚ್ಚಿರುವವರಲ್ಲಿ ಶೇ 38 ಎಂದು 2023ರ ಕೊಕ್ರೇನ್ ಪರಾಮರ್ಶೆ ಹೇಳಿತು. ಮಲೆನಾಡಿನವರು ಜಾರುವ ಅಂಗಳಕ್ಕೆ ಅಡಿಕೆ ಸೋಗೆ ಹಾಸುವುದು ಇದೇ ತಿಳಿವಳಿಕೆಯ ಹಳೆಯ ರೂಪ. ಅದರ ಜೊತೆಗೆ ಬಚ್ಚಲಿನ ಗೋಡೆಗೊಂದು ಹಿಡಿಕೆ ಪೈಪು, ಶೌಚಾಲಯದ ದಾರಿಗೊಂದು ದೀಪ, ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಬೇಕು. ಊರುಗೋಲು ಮಣಿಕಟ್ಟಿನ ಎತ್ತರಕ್ಕಿರಬೇಕು, ನೋವಿರುವ ಕಾಲಿನ ಎದುರು ಕೈಯಲ್ಲಿರಬೇಕು. ಬಹಳ ಜನ ತಿರುವುಮುರುವಾಗಿ ಹಿಡಿಯುತ್ತಾರೆ. ಕಾಫಿ ಗಿಡದ ಚಂದದ ಕೋಲಿಗೂ ತುದಿಗೆ ರಬ್ಬರ್ ಇಲ್ಲದಿದ್ದರೆ ಟೈಲ್ಸ್ ಮೇಲೆ ಅದೇ ಮೊದಲು ಜಾರುತ್ತದೆ.

ಮಾತ್ರೆಗಳ ವಿಷಯದಲ್ಲಿ ಪುರಾವೆ ಎರಡು ಮುಖದ್ದು. ನ್ಯೂಜಿಲೆಂಡಿನ 1999ರ ಪ್ರಯೋಗದಲ್ಲಿ ನಿದ್ರೆ ಮತ್ತು ಮನಸ್ಸಿನ ಔಷಧಗಳನ್ನು ಕ್ರಮೇಣ ನಿಲ್ಲಿಸಿದಾಗ ಬೀಳುವುದು ಶೇ 66 ಇಳಿಯಿತು. ಇದನ್ನು ವೈದ್ಯರ ಉಸ್ತುವಾರಿಯಲ್ಲೇ ಮಾಡಬೇಕು. ವಿಟಮಿನ್ ಡಿ ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆಗೆ 2010ರಲ್ಲಿ ಆಸ್ಟ್ರೇಲಿಯಾದಿಂದ ಪೆಟ್ಟು ಬಿತ್ತು. ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಪಡೆದ ಮಹಿಳೆಯರು ಬಿದ್ದದ್ದೂ, ಮೂಳೆ ಮುರಿದುಕೊಂಡದ್ದೂ ಹೆಚ್ಚಾಗಿತ್ತು. ಕೊರತೆ ಇದ್ದವರಿಗೆ ಚಿಕಿತ್ಸೆ ಬೇಕು. ಕಾಲಿನ ಬಲಕ್ಕೆ ಪುಡಿ ಪೊಟ್ಟಣ ಬದಲಿಯಾಗುವುದಿಲ್ಲ.

ಗೊತ್ತಿದ್ದೂ ಕೈಗೂಡದ್ದು

ಇಷ್ಟೆಲ್ಲ ತಿಳಿದ ಮೇಲೂ 2020ರಲ್ಲಿ ಎರಡು ದೊಡ್ಡ ಪ್ರಯೋಗಗಳು ನಿರಾಸೆ ತಂದವು. ಅಮೆರಿಕದ ‘ಸ್ಟ್ರೈಡ್’ 5,451 ಹಿರಿಯರಲ್ಲಿ ನರ್ಸ್‌ಗಳ ಮೂಲಕ ಒಬ್ಬೊಬ್ಬರ ಅಪಾಯ ಗುರುತಿಸಿ ಸಲಹೆ ಕೊಟ್ಟಿತು. ಗಂಭೀರ ಗಾಯಗಳಲ್ಲಿ ಕಂಡ ಇಳಿಕೆ ಶೇ 8 ಮಾತ್ರ, ಅದೂ ಆಕಸ್ಮಿಕವಿರಬಹುದಾದಷ್ಟು ಸಣ್ಣದು. ಇಂಗ್ಲೆಂಡಿನ ‘ಪ್ರಿಫಿಟ್’ 9,803 ಮಂದಿಯಲ್ಲಿ ಅಂಚೆಯ ಮೂಲಕ ಅಪಾಯ ಇರುವವರನ್ನು ಆರಿಸಿ ವ್ಯಾಯಾಮಕ್ಕೋ ತಪಾಸಣೆಗೋ ಕಳಿಸಿತು. ಮೂಳೆ ಮುರಿತ ಕಡಿಮೆಯಾಗಲಿಲ್ಲ. ಇದರಿಂದ ವ್ಯಾಯಾಮ ಸುಳ್ಳಾಯಿತೆಂದು ತಿಳಿಯಬೇಕಿಲ್ಲ. ವಾರಕ್ಕೆ ಮೂರು ಗಂಟೆಗೂ ಹೆಚ್ಚು, ಸಮತೋಲನಕ್ಕೆ ಸವಾಲೊಡ್ಡುವಂತೆ ಮಾಡಿದಾಗಲೇ ಫಲ ಹೆಚ್ಚೆಂದು ಶೆರಿಂಗ್ಟನ್ ಹಿಂದೆಯೇ ತೋರಿಸಿದ್ದರು. ಚೀಟಿಯಲ್ಲಿ ಬರೆದು ಕೊಟ್ಟ ಸಲಹೆ ಅಷ್ಟು ದೂರ ಹೋಗುವುದಿಲ್ಲ ಎಂಬುದೇ ಈ ಪ್ರಯೋಗಗಳ ಪಾಠ ಎನ್ನಬಹುದು.

ಮಲೆನಾಡಿಗೆ ಈ ಪಾಠ ಹೊಸದೇನಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಗಳು ಸವೆದು ಚಿಕ್ಕವರೂ ನಡೆಯಲಾಗದಂತಾದಾಗ ಸಂಶೋಧಕರು ಬಂದರು. ಗದ್ದೆಯ ಏಡಿ, ಕೀಟನಾಶಕ ಎಂದು ಅನುಮಾನಗಳು ಹುಟ್ಟಿದವು. ಕಾಯಿಲೆ ವಂಶಪಾರಂಪರ್ಯದ್ದು ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಕಾರಣ ತಿಳಿಯಬೇಕಾದದ್ದೇ. ಆದರೆ ನೋವಿನಲ್ಲಿದ್ದವರಿಗೆ ಅದರ ಜೊತೆಗೇ ಬೇಕಾಗಿದ್ದದ್ದು ಮನೆಬಾಗಿಲ ಪುನಶ್ಚೇತನ.

ಮರದಿಂದ ಬೀಳುವವರ ಕತೆಯೂ ಅಲ್ಲಿಗೇ ತಲುಪುತ್ತದೆ. ಮೆಣಸು ಕೊಯ್ಯಲು ಏಣಿ ಹತ್ತುವವರು, ಮರಗಸಿಗೆ, ಅಂದರೆ ನೆರಳುಮರದ ಕೊಂಬೆ ಸವರಲು, ಮರ ಏರುವವರು ಬಿದ್ದರೆ ಬೆನ್ನುಹುರಿಗೇ ಪೆಟ್ಟು. ಇವರು ದುಡಿಯುವ ವಯಸ್ಸಿನವರು. ಶಿರಾಡಿ ಘಾಟಿ ಇಳಿದರೆ ಕೊಕ್ಕಡ ಬಳಿಯ ಸೌತಡ್ಕದಲ್ಲಿ ಸೇವಾಭಾರತಿಯ ‘ಸೇವಾಧಾಮ’ ಇಂಥವರಿಗೆ ಗಾಲಿಕುರ್ಚಿಯಲ್ಲಿ ಬದುಕುವುದನ್ನು ಕಲಿಸುತ್ತಿದೆ. ಘಟ್ಟದ ಮೇಲೂ ಅಂಥದ್ದೊಂದು ಬೇಕು.

ಕುಂದೂರಿನಲ್ಲಿ ಯಾರು ಮಾಡಬೇಕು

ವ್ಯವಸ್ಥೆಯ ಚೌಕಟ್ಟು ಕಾಗದದ ಮೇಲಿದೆ. 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡ್, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಪುನಶ್ಚೇತನ ಸೇವೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಹಿರಿಯರ ಕ್ಲಿನಿಕ್ ಇರಬೇಕೆನ್ನುತ್ತದೆ. 2021ರ ಕಾಯ್ದೆ ಫಿಸಿಯೋಥೆರಪಿಯನ್ನು ನಿಯಂತ್ರಿತ ವೃತ್ತಿಯಾಗಿ ಗುರುತಿಸಿತು. ಆದರೆ ಸೊಂಟ ಹಿಡಿದುಕೊಂಡ ಅಜ್ಜಿ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಆಲೂರಿಗೋ ಹಾಸನಕ್ಕೋ ಹೋಗಿ ಫಿಸಿಯೋಥೆರಪಿ ಮಾಡಿಸಿಕೊಳ್ಳಲಾರಳು. ಬಸ್ಸು ಹತ್ತುವುದೇ ಅವಳ ತೊಂದರೆ.

ಹಾಗಾಗಿ ಕೆಲಸ ಹಳ್ಳಿಯಿಂದಲೇ ಶುರುವಾಗಬೇಕು. 2022ರ ಮಾರ್ಗಸೂಚಿಯ ಆ ಮೂರು ಪ್ರಶ್ನೆ ಕೇಳಲು ಆಶಾ ಕಾರ್ಯಕರ್ತೆಗೆ ಐದು ನಿಮಿಷ ಸಾಕು; ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಹೌದೆಂದವರನ್ನು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಪರೀಕ್ಷಿಸಿ, ಮಲಗಿದಾಗ ಮತ್ತು ನಿಂತಾಗ ಬಿಪಿ ನೋಡಿ, ಪಾದ, ಕಣ್ಣು, ಮಾತ್ರೆಗಳನ್ನು ಗಮನಿಸಬಹುದು. ಫಿಸಿಯೋಥೆರಪಿಸ್ಟ್ ತಿಂಗಳಿಗೊಮ್ಮೆ ಬಂದು ಕಲಿಸಿದ್ದನ್ನು ಮುಂದುವರಿಸಲು ಸ್ತ್ರೀಶಕ್ತಿ ಸಂಘದ ಸದಸ್ಯರಿಗೆ ತರಬೇತಿ ಕೊಡಬಹುದು. ದೊಡ್ಡ ಎಸ್ಟೇಟುಗಳು ಕಾರ್ಮಿಕರ ಲೈನ್ ಮನೆಗಳ ಮೆಟ್ಟಿಲಿಗೆ ಹಿಡಿಕೆ, ಶೌಚಾಲಯಕ್ಕೆ ದೀಪ ಹಾಕಿಸಲು ಆಗುವ ಖರ್ಚು ಒಂದು ಸೊಂಟದ ಶಸ್ತ್ರಚಿಕಿತ್ಸೆಯ ಖರ್ಚಿಗಿಂತ ಕಡಿಮೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬರಲೆಂದು ಕಾಯಬೇಕಿಲ್ಲ. ಸಂಶೋಧನೆ ಬೇಕಾಗಿರುವುದು, ಸಿಡ್ನಿಯಲ್ಲಿ ಫಲಿಸಿದ್ದು ಕಾಫಿ ತೋಟದ ಇಳಿಜಾರಿನಲ್ಲಿ, ಚಾಪೆಯ ಮೇಲೆ ಕೂರುವವರಲ್ಲಿ ಎಷ್ಟು ಫಲಿಸುತ್ತದೆ ಎಂದು ಅಳೆಯಲು. ಮನೆಯವರು ಅದಕ್ಕೂ ಕಾಯಬೇಕಿಲ್ಲ. ಬಿದ್ದೆದ್ದವರಿಗೆ ವೈದ್ಯರು ನಡೆಯಬಹುದು ಎಂದ ದಿನದಿಂದ ನೀರಿನ ಲೋಟವನ್ನು ಕೂತಲ್ಲಿಗೆ ತಂದುಕೊಡುವುದನ್ನು ನಿಲ್ಲಿಸಿ, ಪಕ್ಕದಲ್ಲಿ ನಿಂತು ಅವರನ್ನೇ ಅಡುಗೆಮನೆಯವರೆಗೆ ನಡೆಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ತಂದುಕೊಡುವುದಕ್ಕಿಂತ ಹೆಚ್ಚು ತಾಳ್ಮೆಯೂ ಬೇಕಾಗುತ್ತದೆ. ಆದರೆ ಆ ಹತ್ತು ಹೆಜ್ಜೆಗಳೇ ಅವರಿಗೆ ಚಿಕಿತ್ಸೆ.